ಸೆರೆಂಗೆಟಿಯ ಮಿತ್ರ ಡಾ. ಬರ್ನಾರ್ಡ್ ಗ್ರಿಜಿಮೆಕ್

ದೂರದರ್ಶನದಲ್ಲಿ ಸಿಂಹ, ಜಿರಾಫೆ, ಜೀಬ್ರಾಗಳನ್ನು ನೋಡುವುದು ನಿಮಗೆ ಹೊಸದೇನಲ್ಲ. ಆದರೆ ಜನರು ಮನೆಯಲ್ಲಿ ಕುಳಿತು ನೋಡುವ ಚಿತ್ರದಿಂದಲೇ ದೂರದ ಖಂಡದ ಕಾಡುಪ್ರಾಣಿಗಳನ್ನು ಉಳಿಸಲು ಹಣ ಕೂಡಿಸಬಹುದೆಂದು ತೋರಿಸಿಕೊಟ್ಟವರಲ್ಲಿ ಜರ್ಮನಿಯ ಡಾ. ಬರ್ನಾರ್ಡ್ ಗ್ರಿಜಿಮೆಕ್ ಪ್ರಮುಖರು.

ಅವರು 1909ರ ಏಪ್ರಿಲ್ 24ರಂದು ನೈಸೆ ಎಂಬ ಊರಿನಲ್ಲಿ ಜನಿಸಿದರು. ಆ ಊರು ಈಗ ಪೋಲೆಂಡಿಗೆ ಸೇರಿದೆ. ತಂದೆ ವಕೀಲರು, ಮಗ ಮೂರು ವರ್ಷದವನಿದ್ದಾಗಲೇ ತೀರಿಕೊಂಡರು. ಬರ್ನಾರ್ಡರು ಪಶುವೈದ್ಯ ಶಾಸ್ತ್ರವನ್ನು ಓದಿ 1932ರಲ್ಲಿ ಡಾಕ್ಟರ್ ಪದವಿ ಪಡೆದು, ಸರ್ಕಾರದ ಕೃಷಿ ಇಲಾಖೆಯನ್ನು ಸೇರಿ, ಕೋಳಿಗಳ ರೋಗದ ವಿಷಯದಲ್ಲಿ ಕೆಲಸ ಮಾಡಿದರು. ಹಿಟ್ಲರನ ಆಳ್ವಿಕೆಯ ಕಾಲವದು. 1937ರಲ್ಲಿ ಅವರು ಆತನ ಪಕ್ಷದ ಸದಸ್ಯರೂ ಆದರು. ಯುದ್ಧ ಮುಗಿದ ಮೇಲೆ ಇದರ ಬಗ್ಗೆ ವಿಚಾರಣೆಯನ್ನು ಎದುರಿಸಬೇಕಾಯಿತು. ದೊಡ್ಡವರ ಜೀವನವನ್ನು ಬರೆಯುವಾಗ ಇಂಥ ಸಂಗತಿಯನ್ನು ಬಿಟ್ಟುಬಿಡುವುದು ಸರಿಯಲ್ಲವೆಂದು ಇಲ್ಲಿ ಹೇಳಿದ್ದೇನೆ.

1945ರಲ್ಲಿ ಅವರು ಫ್ರಾಂಕ್‌ಫರ್ಟ್ ನಗರದ ಮೃಗಾಲಯದ ನಿರ್ದೇಶಕರಾದರು. ಬಾಂಬ್ ದಾಳಿಗೆ ಸಿಕ್ಕಿ ಮೃಗಾಲಯ ಹಾಳುಬಿದ್ದಿತ್ತು. ಉಳಿದಿದ್ದ ಪ್ರಾಣಿಗಳು ಬೆರಳೆಣಿಕೆಯಷ್ಟು. ಅದನ್ನು ಮುಚ್ಚಿಬಿಡುವ ಮಾತೂ ಇತ್ತು. ಗ್ರಿಜಿಮೆಕ್‌ರು ಒಪ್ಪಲಿಲ್ಲ. ಪ್ರಾಣಿಗಳಿಲ್ಲದ ಆವರಣದಲ್ಲಿ ಜಾತ್ರೆಯ ಆಟಗಳನ್ನೂ ಪ್ರದರ್ಶನಗಳನ್ನೂ ಏರ್ಪಡಿಸಿ, ಬಂದ ಹಣದಿಂದ ಮೃಗಾಲಯವನ್ನು ಮತ್ತೆ ಕಟ್ಟಿದರು. 1974ರವರೆಗೂ ಅದರ ನಿರ್ದೇಶಕರಾಗಿದ್ದರು.

1956ರಲ್ಲಿ ಎರಡು ಸಂಗತಿಗಳು ನಡೆದವು. ಜರ್ಮನಿಯ ದೂರದರ್ಶನದಲ್ಲಿ ಪ್ರಾಣಿಗಳನ್ನು ಕುರಿತ ಅವರ ಕಾರ್ಯಕ್ರಮ ಆರಂಭವಾಯಿತು. ಅದೇ ವರ್ಷ ಮಗ ಮೈಕೆಲ್‌ನೊಡನೆ ಆಫ್ರಿಕದಲ್ಲಿ ತೆಗೆದ ಚಲನಚಿತ್ರ ತೆರೆಕಂಡು ಒಳ್ಳೆಯ ಹಣ ತಂದಿತು. ಆ ಹಣದಲ್ಲಿ ಕಾಡುಪ್ರಾಣಿಗಳಿಗಾಗಿ ಭೂಮಿ ಕೊಳ್ಳಬೇಕೆಂಬುದು ತಂದೆ ಮಕ್ಕಳ ಆಸೆ. ಆಗ ಬ್ರಿಟಿಷರ ಆಡಳಿತದಲ್ಲಿದ್ದ ಟ್ಯಾಂಗನೀಕದ (ಇಂದಿನ ಟಾಂಜಾನಿಯ) ರಾಷ್ಟ್ರೀಯ ಉದ್ಯಾನಗಳ ಅಧಿಕಾರಿ ಪೀಟರ್ ಮೊಲ್ಲೊಯ್ ಬೇರೊಂದು ಸಲಹೆ ಕೊಟ್ಟರು. ಸೆರೆಂಗೆಟಿ ಉದ್ಯಾನದ ಒಂದು ಭಾಗವನ್ನು ಬೇರ್ಪಡಿಸುವ ಯೋಜನೆ ನಡೆದಿತ್ತು. ಆದರೆ ಅಲ್ಲಿ ಎಷ್ಟು ಪ್ರಾಣಿಗಳಿವೆ, ಯಾವ ಕಾಲದಲ್ಲಿ ಎಲ್ಲಿಗೆ ಹೋಗುತ್ತವೆ ಎಂಬುದೇ ಸರಿಯಾಗಿ ತಿಳಿದಿರಲಿಲ್ಲ. ಭೂಮಿ ಕೊಳ್ಳುವುದಕ್ಕಿಂತ ಮೊದಲು ಎಣಿಸಿಕೊಡಿ ಎಂಬುದು ಮೊಲ್ಲೊಯ್‌ರ ಕೋರಿಕೆ.

ಎಣಿಸುವುದೆಂದರೆ ಸುಲಭವೇ? ಕಣ್ಣು ಹಾಯುವವರೆಗೂ ಹುಲ್ಲುಗಾವಲು. ಅದರ ತುಂಬ ಅಲೆದಾಡುವ ಹಿಂಡುಗಳು. ತಂದೆ ಮಗ ಇಬ್ಬರೂ ವಿಮಾನ ನಡೆಸಲು ಕಲಿತರು. ತಂದೆಗೆ ಆಗ ಐವತ್ತರ ಹತ್ತಿರ ಹತ್ತಿರ ವಯಸ್ಸು! ಸಣ್ಣ ವಿಮಾನವೊಂದಕ್ಕೆ ಜೀಬ್ರಾದಂತೆ ಕಪ್ಪು ಬಿಳುಪು ಪಟ್ಟೆ ಬಳಿದು, 1957ರ ಡಿಸೆಂಬರಿನಲ್ಲಿ ಜರ್ಮನಿಯಿಂದ ಹೊರಟು ಆಫ್ರಿಕ ತಲುಪಿದರು. ಬಯಲನ್ನು ಭಾಗಗಳಾಗಿ ವಿಂಗಡಿಸಿಕೊಂಡು, ನೆಲಕ್ಕೆ ಹತ್ತಿರವಾಗಿ ಸಾಲುಸಾಲಾಗಿ ಹಾರುತ್ತ, ಎರಡೂ ಬದಿಗೆ ಕಂಡ ಪ್ರಾಣಿಗಳನ್ನು ಎಣಿಸಿದರು. ಹತ್ತು ಲಕ್ಷಕ್ಕೂ ಹೆಚ್ಚು ಪ್ರಾಣಿಗಳಿವೆಯೆಂದು ಜನ ನಂಬಿದ್ದ ಕಡೆ ಇವರ ಲೆಕ್ಕಕ್ಕೆ ಸಿಕ್ಕಿದ್ದು 3,66,980 ಮಾತ್ರ. ಕೆಲವು ಪ್ರಾಣಿಗಳನ್ನು ಹಿಡಿದು, ಮೇಲಿನಿಂದ ಕಾಣುವಂತೆ ಬಣ್ಣದ ಪಟ್ಟಿಯನ್ನು ಕೊರಳಿಗೆ ಕಟ್ಟಿ, ಅವು ಹೋಗುವ ದಾರಿಯನ್ನೂ ಗುರುತು ಹಾಕಿಕೊಂಡರು. ಆಗ ತಿಳಿದ ಸಂಗತಿ ಆತಂಕದ್ದಾಗಿತ್ತು. ದನದ ಮೈಕಟ್ಟಿನ ವಿಲ್ಡಬೀಸ್ಟ್ ಎಂಬ ಪ್ರಾಣಿಯ ಹಿಂಡುಗಳು ಮಳೆಗಾಲದಲ್ಲಿ ಮೇಯುತ್ತಿದ್ದುದು ಉದ್ಯಾನದಿಂದ ಬೇರ್ಪಡಿಸಲಿದ್ದ ಪೂರ್ವದ ಬಯಲಿನಲ್ಲೇ.

ಈ ಕೆಲಸ ಮುಗಿಯುವ ಮೊದಲೇ, 1959ರ ಜನವರಿ 10ರಂದು, ಮೈಕೆಲ್ ಒಬ್ಬನೇ ಹಾರುತ್ತಿದ್ದಾಗ ರಣಹದ್ದೊಂದು ವಿಮಾನದ ರೆಕ್ಕೆಗೆ ಬಡಿಯಿತು. ವಿಮಾನ ನೆಲಕ್ಕುರುಳಿ ಆತ ತೀರಿಕೊಂಡ. ವಯಸ್ಸು 24. ಗೊರೊಂಗೊರೊ ಎಂಬ ಹಳೆಯ ಜ್ವಾಲಾಮುಖಿಯ ಅಂಚಿನಲ್ಲಿ ಅವನನ್ನು ಮಣ್ಣುಮಾಡಿದರು. ತಂದೆ ಕೆಲಸ ನಿಲ್ಲಿಸಲಿಲ್ಲ. ಅರ್ಧವಾಗಿದ್ದ ಚಲನಚಿತ್ರವನ್ನು ಪೂರ್ಣಗೊಳಿಸಿದರು, ಪುಸ್ತಕವನ್ನೂ ಪ್ರಕಟಿಸಿದರು. ಆ ಚಿತ್ರಕ್ಕೆ 1960ರಲ್ಲಿ ಆಸ್ಕರ್ ಪ್ರಶಸ್ತಿ ಬಂದಿತು.

ಗಡಿಯ ವಿಷಯದಲ್ಲಿ ಅವರ ಮಾತು ಪೂರ್ತಿ ನಡೆಯಲಿಲ್ಲ. 1959ರಲ್ಲಿ ಗೊರೊಂಗೊರೊ ಪ್ರದೇಶ ಬೇರೆಯಾಯಿತು. ಉತ್ತರದ ಕಡೆ ಹೊಸ ಭೂಮಿ ಉದ್ಯಾನಕ್ಕೆ ಸೇರಿತು. ಸೆರೆಂಗೆಟಿಯಲ್ಲಿ ದನ ಮೇಯಿಸಿಕೊಂಡಿದ್ದ ಮಸಾಯಿ ಜನರು ಅಲ್ಲಿಂದ ಹೊರಡಬೇಕಾಯಿತು. ರಾಷ್ಟ್ರೀಯ ಉದ್ಯಾನದೊಳಗೆ ಮನುಷ್ಯರ ವಾಸವೇ ಇರಬಾರದೆಂಬುದು ಗ್ರಿಜಿಮೆಕ್‌ರ ಅಭಿಪ್ರಾಯ. ತಲೆತಲಾಂತರದಿಂದ ಆ ಬಯಲಿನಲ್ಲಿ ಬಾಳಿದವರ ನೋವು ಅವರಿಗೆ ಸಾಕಷ್ಟು ಕಾಣಲಿಲ್ಲವೆಂದೇ ನನಗನ್ನಿಸುತ್ತದೆ. ಕಾಡಿನಂಚಿನಲ್ಲಿ ರಾಗಿ ಬೆಳೆದು ರಾತ್ರಿಯೆಲ್ಲ ಆನೆ ಕಾಯುವ ನಮ್ಮ ಪಾಲಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ವಿಚಿತ್ರವನ್ನು ಕೇಳಿ. ದನಗಳಿಗೆ ಲಸಿಕೆ ಹಾಕಿದ್ದರಿಂದ ದೊಡ್ಡರೋಗ ಅಡಗಿತು. ಅದರ ಫಲವಾಗಿ ವಿಲ್ಡಬೀಸ್ಟ್‌ಗಳ ಸಂಖ್ಯೆಯೂ ಏರುತ್ತ ಹೋಗಿ, 1970ರ ದಶಕದ ಕೊನೆಗೆ ಹತ್ತು ಲಕ್ಷವನ್ನು ದಾಟಿತು.

ಅವರ ದೂರದರ್ಶನ ಕಾರ್ಯಕ್ರಮ 1956ರಿಂದ 1987ರವರೆಗೆ ನಡೆಯಿತು. ಯಾವುದಾದರೊಂದು ಪ್ರಾಣಿಯನ್ನು ಜತೆಗೆ ಕರೆತರುವರು. ಮಾತು ನಿಧಾನ, ಮುಖ ಶಾಂತ. ಕೋತಿ ಹೆಗಲೇರಿ ಕೀಟಲೆ ಮಾಡಿದರೂ ತಮ್ಮ ಪಾಡಿಗೆ ಮಾತು ಮುಂದುವರಿಸುವರು. ಕೊನೆಯಲ್ಲಿ ಪ್ರಾಣಿಗಳಿಗಾಗಿ ಹಣ ಕೇಳುವರು. ಆಫ್ರಿಕಕ್ಕೆ ಕಡಿಮೆ ಖರ್ಚಿನ ಪ್ರವಾಸ ಲಭ್ಯವಿದೆಯೆಂದು ಒಮ್ಮೆ ಹೇಳಿಬಿಟ್ಟರು. ಅಂಥ ಪ್ರವಾಸವನ್ನು ಆಗ ಯಾರೂ ಏರ್ಪಡಿಸಿರಲಿಲ್ಲ! ಜನ ಕೇಳತೊಡಗಿದ ಮೇಲೆ ಕಂಪನಿಗಳೇ ಏರ್ಪಡಿಸಿದವು. ಸುಳ್ಳು ಸುಳ್ಳೇ ಸರಿ. ಆದರೆ ಪ್ರವಾಸಿಗರ ಹಣ ಬಂದರೆ ಆ ದೇಶಗಳು ಪ್ರಾಣಿಗಳನ್ನು ಉಳಿಸಿಕೊಳ್ಳುತ್ತವೆಂಬುದು ಅವರ ಲೆಕ್ಕಾಚಾರ.

ತಮ್ಮ ದೇಶವನ್ನೂ ಅವರು ಮರೆಯಲಿಲ್ಲ. ಜರ್ಮನಿಯ ಮೊದಲ ರಾಷ್ಟ್ರೀಯ ಉದ್ಯಾನ 1970ರಲ್ಲಿ ಬವೇರಿಯದ ಕಾಡಿನಲ್ಲಿ ಸ್ಥಾಪನೆಯಾಗಲು ಬಹಳ ದುಡಿದರು. ಪ್ರಧಾನಿ ವಿಲ್ಲಿ ಬ್ರಾಂಟ್‌ರ ಸರ್ಕಾರದಲ್ಲಿ ನಿಸರ್ಗ ರಕ್ಷಣೆಯ ಹೊಣೆ ಹೊತ್ತು, ಕೆಲಸ ಸಾಗದೆಂದು ಕಂಡಾಗ 1973ರಲ್ಲಿ ರಾಜೀನಾಮೆ ಕೊಟ್ಟರು. ಇಕ್ಕಟ್ಟಾದ ಪಂಜರದಲ್ಲಿ ಕೋಳಿ ಸಾಕುವುದನ್ನು ಖಂಡಿಸಿ ನ್ಯಾಯಾಲಯದವರೆಗೂ ಹೋದರು.

1987ರ ಮಾರ್ಚ್ 13ರಂದು ಫ್ರಾಂಕ್‌ಫರ್ಟಿನಲ್ಲಿ ಮಕ್ಕಳೊಡನೆ ಸರ್ಕಸ್ ನೋಡುತ್ತ ಕುಳಿತಿದ್ದಾಗಲೇ ಅವರ ಪ್ರಾಣ ಹೋಯಿತು. ಚಿತಾಭಸ್ಮವನ್ನು ಆಫ್ರಿಕಕ್ಕೆ ಒಯ್ದು, ಗೊರೊಂಗೊರೊ ಅಂಚಿನಲ್ಲಿ ಮೈಕೆಲ್‌ನ ಪಕ್ಕದಲ್ಲೇ ಇರಿಸಿದರು.