ಪಕ್ಷಿತಜ್ಞ ಡಾ. ಸಲೀಂ ಅಲಿ (1896–1987): ಜೀವನ ಪರಿಚಯ

ಭಾರತದ ಪಕ್ಷಿಶಾಸ್ತ್ರಕ್ಕೆ ಭದ್ರ ಬುನಾದಿ ಹಾಕಿದ ಮಹನೀಯರಲ್ಲಿ ಡಾ. ಸಲೀಂ ಅಲಿಯವರು ಅಗ್ರಗಣ್ಯರು. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟು ಪಕ್ಷಿಧಾಮವಾಗಿ ಘೋಷಿತವಾಗುವಲ್ಲಿ ಇವರ ಪಾತ್ರ ಹಿರಿದು. ನೋಟಕ್ಕೆ ಒಂದೇ ಬಗೆಯಾಗಿ ತೋರುವ ಸಣ್ಣ ಹಕ್ಕಿಗಳನ್ನು ಬೇರ್ಪಡಿಸಿ ಗುರುತಿಸುವ ಕಾರ್ಯಕ್ಕೆ ಇವರು ತಮ್ಮ ಜೀವಿತದ ಬಹುಭಾಗವನ್ನು ಮೀಸಲಿಟ್ಟರು. ಸಾರ್ವಜನಿಕರ ಮಾಹಿತಿಗಾಗಿ ಇವರ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಸಲೀಂ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ತಂದೆ ತಾಯಿಗಳನ್ನು ಕಳೆದುಕೊಂಡ ಇವರನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರು ಸಾಕಿ ಬೆಳೆಸಿದರು. ಬಾಲಕ ಸಲೀಂ ಒಮ್ಮೆ ಆಟಿಕೆಯ ಗಾಳಿ ಕೋವಿಯಿಂದ ಗುಬ್ಬಿಯೊಂದನ್ನು ಹೊಡೆದನು. ಅದು ಹೆಣ್ಣು ಮನೆಗುಬ್ಬಿಯನ್ನೇ ಹೋಲುತ್ತಿತ್ತು. ಆದರೆ ಕೊರಳಿನ ಮೇಲೆ ಹಳದಿ ಮಚ್ಚೆಯಿತ್ತು. ಅದರ ಹೆಸರನ್ನು ಮಾವನವರೂ ಅರಿಯದಿದ್ದುದರಿಂದ, ಅವರಿಂದ ಪರಿಚಯ ಪತ್ರ ಪಡೆದು ಬಾಲಕನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದನು. ಸೊಸೈಟಿಯ ಗೌರವ ಕಾರ್ಯದರ್ಶಿಗಳಾಗಿದ್ದ ಡಬ್ಲ್ಯು. ಎಸ್. ಮಿಲ್ಲಾರ್ಡ್ ಅವರು ಅದು ಹಳದಿ ಕೊರಳಿನ ಗುಬ್ಬಿ ಎಂದು ಗುರುತಿಸಿ, ಸಂಗ್ರಹದಲ್ಲಿದ್ದ ಹಕ್ಕಿಗಳನ್ನು ತೋರಿಸಿದರು. ಒಂದು ಮಚ್ಚೆಯ ವ್ಯತ್ಯಾಸವು ಬಾಲಕನ ಬದುಕಿನ ದಿಕ್ಕನ್ನೇ ಬದಲಿಸಿತು.

ಶಿಕ್ಷಣ ಮತ್ತು ಉದ್ಯೋಗ

ಕುಟುಂಬದ ವ್ಯವಹಾರ ನೋಡಿಕೊಳ್ಳಲು ಇವರು ಕೆಲಕಾಲ ಬರ್ಮಾದಲ್ಲಿದ್ದರು. ಹಿಂದಿರುಗಿದ ನಂತರ ಮುಂಬಯಿಯಲ್ಲಿ ವಾಣಿಜ್ಯ ಕಾನೂನು ಹಾಗೂ ಲೆಕ್ಕಶಾಸ್ತ್ರವನ್ನು ಅಭ್ಯಸಿಸಿದರು. ಜೊತೆಗೆ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನೂ ಕಲಿತರು. ಆದರೆ ವಿಶ್ವವಿದ್ಯಾಲಯದ ಪದವಿ ಇರಲಿಲ್ಲವಾಗಿ, ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯಲ್ಲಿ ಹುದ್ದೆ ದೊರೆಯಲಿಲ್ಲ. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಮಾರ್ಗದರ್ಶಿ ಉಪನ್ಯಾಸಕರಾದರು. ಬಳಿಕ ಜರ್ಮನಿಗೆ ತೆರಳಿ ಬರ್ಲಿನ್‌ನಲ್ಲಿ ಪ್ರೊ. ಎರ್ವಿನ್ ಸ್ಟ್ರೆಸ್‌ಮನ್ ಅವರಲ್ಲಿ ತರಬೇತಿ ಪಡೆದರು. 1930ರಲ್ಲಿ ಮರಳಿದಾಗ ಹಣದ ಅಭಾವದಿಂದ ಆ ಹುದ್ದೆಯೇ ರದ್ದಾಗಿತ್ತು.

ಉದ್ಯೋಗವಿಲ್ಲದ ಆ ದಿನಗಳಲ್ಲಿ ಪತ್ನಿ ತೆಹ್ಮಿನಾ ಅವರೊಂದಿಗೆ ಕಡಲತೀರದ ಕಿಹಿಮ್ ಗ್ರಾಮದಲ್ಲಿ ನೆಲೆಸಿ ಗೀಜಗ ಹಕ್ಕಿಯ ಅಧ್ಯಯನ ಕೈಗೊಂಡರು. ಗಂಡು ಗೀಜಗವು ಗೂಡನ್ನು ಅರ್ಧ ನೇಯ್ದು ಕಾಯುತ್ತದೆ. ಹೆಣ್ಣು ಬಂದು ಒಪ್ಪಿದ ನಂತರವೇ ಅದನ್ನು ಪೂರ್ಣಗೊಳಿಸಿ, ಮತ್ತೊಂದು ಗೂಡನ್ನು ಆರಂಭಿಸುತ್ತದೆ ಎಂಬುದನ್ನು ಇವರು ವಿವರವಾಗಿ ದಾಖಲಿಸಿದರು.

ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ

1939ರಲ್ಲಿ ಪತ್ನಿಯ ಅಕಾಲಿಕ ಮರಣದಿಂದ ಸಲೀಂ ಅಲಿಯವರು ತೀವ್ರ ಆಘಾತಕ್ಕೊಳಗಾದರು. ಆ ದುಃಖದ ನಡುವೆಯೂ 1939–40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಯನ್ನು ನಡೆಸಿದರು. ಕಾವೇರಿ ನದಿಯ ನಡುಗಡ್ಡೆಗಳಲ್ಲಿ ನೀರುಹಕ್ಕಿಗಳು ಗೂಡು ಕಟ್ಟುತ್ತಿದ್ದುದನ್ನು ಗಮನಿಸಿ, ಆ ಸ್ಥಳವನ್ನು ರಕ್ಷಿಸುವಂತೆ ಮೈಸೂರಿನ ಅರಸರ ಮನವೊಲಿಸಿದರು. ಅದರಂತೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಇದಕ್ಕೆ ರಾಮ್ಸರ್ ತಾಣದ ಮಾನ್ಯತೆ ಲಭಿಸಿತು.

ಸಣ್ಣ ಹಕ್ಕಿಗಳನ್ನು ಗುರುತಿಸುವ ಕಷ್ಟ

ಕೊಕ್ಕರೆ, ಬೆಳ್ಳಕ್ಕಿಗಳನ್ನು ದೂರದಿಂದಲೇ ಗುರುತಿಸಬಹುದು. ಪಾಂಡವಪುರ ತಾಲ್ಲೂಕಿನ ಚಿನಕುರಳಿಯಂತಹ ನೀರಾವರಿ ಪ್ರದೇಶಗಳ ಕಬ್ಬು, ಭತ್ತದ ಗದ್ದೆಗಳಲ್ಲಿ ಕಾಣುವ ಸಣ್ಣ ಹಾಡುಹಕ್ಕಿಗಳ ವಿಷಯ ಹಾಗಲ್ಲ. ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬರುವ ಎಲೆ ಉಲಿಯಕ್ಕಿಗಳು ಹತ್ತು ಗ್ರಾಂ ಕೂಡ ತೂಗುವುದಿಲ್ಲ; ಮೈಬಣ್ಣ ಮಾಸಲು ಹಸಿರು. ಗುರುತಿಗೆ ಆಧಾರವಾದ ರೆಕ್ಕೆಯ ತೆಳುಗೆರೆಯೂ ಗರಿ ಸವೆದಂತೆ ಅಳಿಸಿಹೋಗುತ್ತದೆ. ನೆಲದಲ್ಲಿ ಓಡಾಡುವ ಪಿಪಿಳೀಕಗಳಲ್ಲಿ ಸ್ಥಳೀಯ ಹಕ್ಕಿಗೂ ವಲಸೆ ಹಕ್ಕಿಗೂ ಮುಖ್ಯ ವ್ಯತ್ಯಾಸ ಕೂಗಿನಲ್ಲಿರುತ್ತದೆ. ಸಂತಾನಕಾಲದ ಹೊರಗೆ ಗಂಡು ಗೀಜಗವೂ ಹೆಣ್ಣು ಗುಬ್ಬಿಯಂತೆಯೇ ತೋರುತ್ತದೆ. ಅದರ ಸಂಬಂಧಿಯಾದ ಗೆರೆ ಗೀಜಗವನ್ನು ಎದೆಯ ಗೆರೆಗಳಿಂದಲೂ, ಜೊಂಡಿನಲ್ಲಿ ಕಟ್ಟುವ ಗೂಡಿನಿಂದಲೂ ತಿಳಿಯಬೇಕಾಗುತ್ತದೆ.

ಹಿಂದೆ ಇಂತಹ ಹಕ್ಕಿಗಳನ್ನು ಕೊಂದು, ರೆಕ್ಕೆಯ ಗರಿಗಳನ್ನು ಅಳೆದು ಹೆಸರಿಸಲಾಗುತ್ತಿತ್ತು. ಸಲೀಂ ಅಲಿಯವರೂ ಸಮೀಕ್ಷೆಗಳಲ್ಲಿ ಮಾದರಿಗಳನ್ನು ಸಂಗ್ರಹಿಸಿದ್ದರು. ಆದರೆ ಸತ್ತ ಹಕ್ಕಿಯ ಅಳತೆಯಷ್ಟೇ ಅಲ್ಲದೆ, ಜೀವಂತ ಹಕ್ಕಿಯ ನೆಲೆ, ನಡವಳಿಕೆ, ಆಹಾರ, ಕೂಗು ಹಾಗೂ ಗೂಡನ್ನು ಗಮನಿಸುವುದಕ್ಕೆ ಇವರು ಹೆಚ್ಚಿನ ಮಹತ್ವ ನೀಡಿದರು. 1941ರಲ್ಲಿ ಪ್ರಕಟವಾದ ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್ ಗ್ರಂಥವು ಜನಸಾಮಾನ್ಯರಿಗೂ ಈ ವಿದ್ಯೆಯನ್ನು ತಲುಪಿಸಿತು.

ಗ್ರಂಥಗಳು ಮತ್ತು ಗೌರವಗಳು

ಅಮೆರಿಕದ ಡಿಲ್ಲನ್ ರಿಪ್ಲೆ ಅವರೊಡನೆ ರಚಿಸಿದ ಭಾರತ ಮತ್ತು ಪಾಕಿಸ್ತಾನದ ಪಕ್ಷಿಗಳ ಕೈಪಿಡಿಯು 1968ರಿಂದ 1974ರ ಅವಧಿಯಲ್ಲಿ 10 ಸಂಪುಟಗಳಲ್ಲಿ ಹೊರಬಂದಿತು. 1985ರಲ್ಲಿ ಪ್ರಕಟವಾದ ಆತ್ಮಕಥೆಯ ಶೀರ್ಷಿಕೆಯಲ್ಲಿ ಗುಬ್ಬಿಯೇ ಸ್ಥಾನ ಪಡೆದಿದೆ. ಇವರಿಗೆ 1958ರಲ್ಲಿ ಪದ್ಮಭೂಷಣ ಹಾಗೂ 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಸಂದವು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರ ಜೂನ್ 20ರಂದು ಮುಂಬಯಿಯಲ್ಲಿ ನಿಧನ ಹೊಂದಿದರು.

2009ರಲ್ಲಿ ಅರುಣಾಚಲ ಪ್ರದೇಶದಲ್ಲಿ ಒಂದೇ ಪ್ರಭೇದವೆಂದು ಭಾವಿಸಲಾಗಿದ್ದ ಸಿಳ್ಳಾರ ಹಕ್ಕಿಗಳು ಎರಡು ಬಗೆಯಲ್ಲಿ ಹಾಡುವುದನ್ನು ವಿಜ್ಞಾನಿಗಳು ಗಮನಿಸಿದರು. ನೋಟಕ್ಕೆ ಬಹುತೇಕ ಒಂದೇ ಆಗಿದ್ದರೂ ಇವು ಬೇರೆ ಬೇರೆ ಪ್ರಭೇದಗಳೆಂದು ಸಿದ್ಧವಾಗಿ, 2016ರಲ್ಲಿ ಇಂಪಾಗಿ ಹಾಡುವ ಹಕ್ಕಿಗೆ ಜೂಥೆರಾ ಸಲೀಮಲೀ ಎಂದು ಇವರ ಹೆಸರನ್ನೇ ಇಡಲಾಯಿತು.

ಸಾರ್ವಜನಿಕರ ಗಮನಕ್ಕೆ

1. ಬೆಳೆಯಲ್ಲಿ ಕಾಣುವ ಸಣ್ಣ ಹಕ್ಕಿಗಳೆಲ್ಲವೂ ಕಾಳು ತಿನ್ನುವುದಿಲ್ಲ. ಉಲಿಯಕ್ಕಿ, ಪಿಪಿಳೀಕಗಳು ಮುಖ್ಯವಾಗಿ ಕೀಟಗಳನ್ನು ತಿನ್ನುತ್ತವೆ. ಕಾಳು ತಿನ್ನುವ ಗೀಜಗವೂ ಮರಿಗಳಿಗೆ ಕೀಟಗಳನ್ನು ಉಣಿಸುತ್ತದೆ. ಹೆಸರು ತಪ್ಪಿದಲ್ಲಿ ರೈತನ ಮಿತ್ರನೇ ಶತ್ರುವೆನಿಸುವ ಸಂಭವವಿರುತ್ತದೆ.

2. ರಾಟವಾಳ ಮೊದಲಾದ ಕಾಡುಹಕ್ಕಿಗಳನ್ನು ಹಿಡಿಯುವುದು, ಮಾರುವುದು ಹಾಗೂ ಪಂಜರದಲ್ಲಿಡುವುದು ವನ್ಯಜೀವಿ (ಸಂರಕ್ಷಣಾ) ಕಾಯ್ದೆ 1972ರನ್ವಯ ಅಪರಾಧವಾಗಿದೆ.

3. ಹಕ್ಕಿಗಳಿಗೆ ಸಂಬಂಧಿಸಿದ ಮನವಿ ಅಥವಾ ದೂರು ಸಲ್ಲಿಸುವವರು, ಹಕ್ಕಿಯ ಹೆಸರು ಖಚಿತವಿಲ್ಲದಿದ್ದಲ್ಲಿ ಊಹಿಸಿ ಬರೆಯದೆ, ಕಂಡ ಸ್ಥಳ, ದಿನಾಂಕ, ಗಾತ್ರ, ಬಣ್ಣ, ಕೊಕ್ಕಿನ ಆಕಾರ ಹಾಗೂ ಕೂಗಿನ ವಿವರಗಳನ್ನು ನಮೂದಿಸುವುದು ಸೂಕ್ತ.