ತೆಂಗಿನ ನೀರಿನ ಗುಟ್ಟು ಹಿಡಿದ ಸ್ಕೂಗ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಟ್ಟದ ಮೇಲಿನ ಕಾಯಿಯ ನೀರು ತಿಂಗಳುಗಟ್ಟಲೆ ಇಂಗಿದರಷ್ಟೇ ಉಂಡೆ ಕೊಬ್ಬರಿ ಸಿದ್ಧವಾಗುತ್ತದೆ. ಇಲ್ಲಿಯ ಬೆಳೆಗಾರನಿಗೆ ಬೇಡವಾದ ಆ ನೀರು 1940ರ ದಶಕದಲ್ಲಿ ಅಮೆರಿಕದ ಸಸ್ಯವಿಜ್ಞಾನಿಗಳಿಗೆ ಅಮೂಲ್ಯವಾಯಿತು. ಪ್ರಯೋಗಾಲಯದ ಎಳೆಯ ಭ್ರೂಣಗಳಿಗೆ ಅದನ್ನು ಉಣಿಸಿದರೆ ಅವು ಬೆಳೆಯುತ್ತಿದ್ದವು. ಏಕೆಂಬ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಫೋಕ್ ಸ್ಕೂಗ್ ಪ್ರಮುಖರು.

1908ರಲ್ಲಿ ಸ್ವೀಡನ್ನಿನಲ್ಲಿ ಜನಿಸಿದ ಸ್ಕೂಗ್ ಹರೆಯದಲ್ಲೇ ಕ್ಯಾಲಿಫೋರ್ನಿಯಾ ಸೇರಿದರು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ತಾಯ್ನಾಡಿನ ಪರವಾಗಿ 1500 ಮೀಟರ್ ಓಡಿದರು. ಪದಕ ಒಲಿಯಲಿಲ್ಲ, 1936ರಲ್ಲಿ ಕ್ಯಾಲ್‌ಟೆಕ್‌ನ ಡಾಕ್ಟರೇಟ್ ಒಲಿಯಿತು. 1947ರಿಂದ ಅವರ ಕರ್ಮಭೂಮಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ.

ಹೊಗೆಸೊಪ್ಪಿನ ಕಾಂಡದ ತಿರುಳಿಗೆ ಆಕ್ಸಿನ್ ಮಾತ್ರ ಕೊಟ್ಟರೆ ಜೀವಕೋಶಗಳು ಉಬ್ಬುತ್ತಿದ್ದವೇ ಹೊರತು ಒಡೆದು ಎರಡಾಗುತ್ತಿರಲಿಲ್ಲ. ತೆಂಗಿನ ನೀರು ಬೆರೆಸಿದರೆ ವಿಭಜನೆ ಮೊದಲಾಗುತ್ತಿತ್ತು. ಆದರೆ ಹತ್ತಾರು ವಸ್ತುಗಳು ಕಲೆತ ಆ ನೀರಿನಲ್ಲಿ ಕಾರಣವನ್ನು ಬೇರ್ಪಡಿಸುವುದು ಸುಲಭವಿರಲಿಲ್ಲ. ಉತ್ತರ ಸಿಕ್ಕಿದ್ದು ವಿಚಿತ್ರ ಮೂಲದಲ್ಲಿ. ಸಹೋದ್ಯೋಗಿ ಕಾರ್ಲೋಸ್ ಮಿಲ್ಲರ್ ಹೆರಿಂಗ್ ಮೀನಿನ ವೀರ್ಯದಿಂದ ತೆಗೆದ ಹಳೆಯ ಡಿಎನ್‌ಎಯನ್ನು ಬಳಸಿದಾಗ ಕೋಶಗಳು ವಿಭಜಿಸಿದವು. ಹೊಸ ಡಿಎನ್‌ಎ ನಿಷ್ಫಲ; ಒತ್ತಡದಲ್ಲಿ ಕಾಯಿಸಿದರೆ ಮಾತ್ರ ಸಫಲ! 1955ರಲ್ಲಿ ಅದರಿಂದ ಕೈನೆಟಿನ್ ಬೇರ್ಪಟ್ಟಿತು. ಕೈನೆಟಿನ್ ಹೆಚ್ಚಿದರೆ ಚಿಗುರು, ಆಕ್ಸಿನ್ ಹೆಚ್ಚಿದರೆ ಬೇರು ಎಂದು ಇಬ್ಬರೂ 1957ರಲ್ಲಿ ತೋರಿಸಿದರು. ಇಂದು ನಮ್ಮ ರೈತರು ನೆಡುವ ಅಂಗಾಂಶ ಕೃಷಿಯ ಬಾಳೆಸಸಿಗಳ ಹಿಂದೆ ಈ ಸೂತ್ರವೂ, 1962ರಲ್ಲಿ ಮುರಾಶಿಗೆ ಜತೆಗೂಡಿ ಸ್ಕೂಗ್ ರೂಪಿಸಿದ ಪೋಷಕ ಮಾಧ್ಯಮವೂ ಇವೆ.

ಈ ಬಗೆಯ ವಸ್ತುಗಳಿಗೆ ಸೈಟೊಕೈನಿನ್ ಎಂದು ಹೆಸರಾಯಿತು. ಅವುಗಳ ಆಜ್ಞೆಯನ್ನು ಕೋಶ ಕೇಳಿಸಿಕೊಳ್ಳುವ ಬಗೆ ತಿಳಿಯಲು ದಶಕಗಳೇ ಬೇಕಾದವು. ಕೋಶದ ಪೊರೆಯಲ್ಲಿ ಹಿಸ್ಟಿಡಿನ್ ಕೈನೇಸ್ ಎಂಬ ಕಿಣ್ವವಿದೆ. ಸೈಟೊಕೈನಿನ್ ತಗುಲಿದೊಡನೆ ಅದು ತನಗೇ ಒಂದು ಫಾಸ್ಫೇಟ್ ಅಂಟಿಸಿಕೊಳ್ಳುತ್ತದೆ. ಆ ಫಾಸ್ಫೇಟ್ ಕೈಯಿಂದ ಕೈಗೆ ದಾಟಿ ಕೋಶಕೇಂದ್ರದ ಜೀನ್‌ಗಳನ್ನು ಎಬ್ಬಿಸುತ್ತದೆ. ಮುಂದೆ ಸೈಕ್ಲಿನ್‌ಗಳು ಮತ್ತೊಂದು ಬಗೆಯ ಕೈನೇಸ್ ಕಿಣ್ವಗಳೊಡನೆ ಕೂಡಿ ವಿಭಜನೆಯ ಬಾಗಿಲು ತೆರೆಯುತ್ತವೆ. ಮನುಷ್ಯರ ಕೋಶಗಳಲ್ಲೂ ಆ ಬಾಗಿಲ ಕಾವಲು ಇದೇ ಬಗೆಯ ಕಿಣ್ವಗಳದು. ಪೊರೆಯ ಆ ಗ್ರಾಹಕವನ್ನು ಜಪಾನಿನ ಸಂಶೋಧಕರು ಗುರುತಿಸಿದ್ದು 2001ರಲ್ಲಿ. ತೊಂಬತ್ತೆರಡರ ಸ್ಕೂಗ್ ಅದೇ ವರ್ಷ ತೀರಿಕೊಂಡರು.

ತೆಂಗಿನ ನೀರಿನಲ್ಲೂ ಜಿಯಾಟಿನ್ ಎಂಬ ಸಹಜ ಸೈಟೊಕೈನಿನ್ ಇರುವುದು ಆಮೇಲೆ ಖಚಿತವಾಯಿತು. ಆದರೆ ಅನ್ಯ ಗಿಡಗಳನ್ನು ಬೆಳೆಸಿದ ತೆಂಗು ತಾನು ಮಾತ್ರ ಅಂಗಾಂಶ ಕೃಷಿಗೆ ಸುಲಭವಾಗಿ ಮಣಿದಿಲ್ಲ. ಎತ್ತರದ ತಳಿಯಲ್ಲಿ ಪರಕೀಯ ಪರಾಗಸ್ಪರ್ಶವೇ ರೂಢಿ. ಹೀಗಾಗಿ ತಿಪಟೂರಿನ ರೈತ ಇಂದಿಗೂ ಒಳ್ಳೆಯ ತಾಯಿಮರದ ಕಾಯಿಯನ್ನೇ ಸಸಿಮಡಿಯಲ್ಲಿಟ್ಟು, ಸಸಿ ತಾಯಿಯನ್ನು ಹೋಲುವುದೋ ಇಲ್ಲವೋ ಎಂದು ವರ್ಷಗಟ್ಟಲೆ ಕಾಯುತ್ತಾನೆ.