ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು

ಹಿಂದೂಪುರದಲ್ಲಿ ರೈಲು ಹತ್ತಿ ಬೆಂಗಳೂರಿನಲ್ಲಿಳಿದು, ಕೈಯಲ್ಲಿ ಗಂಟು ಹಿಡಿದು, ನೆಂಟರಿಲ್ಲದ ಪಟ್ಟಣದಲ್ಲಿ ರಾತ್ರಿ ಕಳೆಯುವುದೆಲ್ಲಿ ಎಂದು ಚಿಂತಿಸಿ ನಿಂತವರು ನಮ್ಮ ಹಿರಿಯರಲ್ಲಿ ಎಷ್ಟು ಮಂದಿಯೋ! ಹಿಂದೂಪುರ, ಕಲ್ಯಾಣದುರ್ಗಗಳ ಕಡೆಯಿಂದ ಹೋದವರಿಗೂ ನಿಲ್ದಾಣದ ಸಮೀಪದಲ್ಲೇ ಒಂದು ಛತ್ರವಿತ್ತು. ಅದನ್ನು ಕಟ್ಟಿಸಿದವರು ಗುಬ್ಬಿ ತೋಟದಪ್ಪನವರು.

1838ರಲ್ಲಿ ವೀರಶೈವ ಮನೆತನದಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಕುಟುಂಬ ಗುಬ್ಬಿಯನ್ನು ಬಿಟ್ಟು ಬೆಂಗಳೂರನ್ನು ಸೇರಿತು. ಪರಸ್ಥಳದಿಂದ ಬಂದವನ ಕಷ್ಟ ಅವರಿಗೆ ಕೇಳಿ ತಿಳಿಯಬೇಕಾದುದಾಗಿರಲಿಲ್ಲ. ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಮಾಡಿ ಧನಿಕರಾದರು. ಮಕ್ಕಳಿರಲಿಲ್ಲ.

ಅವರು ನಲವತ್ತರ ಅಂಚಿನಲ್ಲಿದ್ದಾಗ, 1876ರಿಂದ 1878ರವರೆಗೆ, ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮ ಬಂದೆರಗಿತು. ಆಗ ನಮ್ಮ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಅನಂತಪುರ ಜಿಲ್ಲೆಯಾದುದು 1882ರಲ್ಲಿ. ಮೈಸೂರು ಸೀಮೆಯಲ್ಲಿಯೂ ಬಳ್ಳಾರಿ ಸೀಮೆಯಲ್ಲಿಯೂ ಹಳ್ಳಿಗಳು ಬರಿದಾದವು, ಜನ ಅನ್ನವನ್ನರಸಿ ಪಟ್ಟಣಗಳತ್ತ ನಡೆದರು. ಸರ್ಕಾರ ಗಂಜಿಕೇಂದ್ರಗಳನ್ನು ತೆರೆಯಿತು. ಕ್ಷಾಮ ಕಳೆದೊಡನೆ ಅವು ಮುಚ್ಚಿದವು. ಆಪತ್ಕಾಲದ ಆಶ್ರಯಕ್ಕೆ ಅಷ್ಟೇ ಆಯುಸ್ಸು. ಹೆದ್ದಾರಿಗಳಲ್ಲಿದ್ದ ಹಳೆಯ ಛತ್ರಗಳಾದರೋ, ಜನ ರೈಲು ಹಿಡಿದ ಮೇಲೆ ದಾರಿಯ ಬದಿಗೇ ಉಳಿದುಹೋದವು.

ತೋಟದಪ್ಪನವರ ವ್ಯಾಪಾರಿ ಬುದ್ಧಿ ಇಲ್ಲಿ ಧರ್ಮಬುದ್ಧಿಯೊಡನೆ ಕೂಡಿತು. ಜನ ಇಳಿಯುವೆಡೆಯಲ್ಲಿ ನೆರಳಿಲ್ಲದಿದ್ದರೆ ಛತ್ರವೆಷ್ಟು ಚೆಲುವಾಗಿದ್ದರೇನು? 1897ರಲ್ಲಿ ಅವರು ಧರ್ಮಾಂಬುಧಿ ಕೆರೆಯ ಬಳಿ, ರೈಲು ನಿಲ್ದಾಣಕ್ಕೆ ಹತ್ತಿರವಾಗಿ, ಎರಡೂವರೆ ಎಕರೆ ನೆಲವನ್ನು ರೈಲ್ವೆಯವರಿಂದ 10,000 ರೂಪಾಯಿಗೆ ಕೊಂಡರು. ಮರುವರ್ಷವೇ ಬೆಂಗಳೂರಿಗೆ ಪ್ಲೇಗು ಬಂತು. ಆದರೂ ಕೆಲಸ ಕೈಗೂಡಿ, 1903ರ ಫೆಬ್ರವರಿ 11ರಂದು ನಾಲ್ವಡಿ ಕೃಷ್ಣರಾಜ ಒಡೆಯರವರು ಛತ್ರವನ್ನು ಉದ್ಘಾಟಿಸಿದರು. ಯಾತ್ರಿಕರಿಗೆ ತಂಗಲು ಸ್ಥಳ, ಹಳ್ಳಿಗಳಿಂದ ಓದಲು ಬಂದ ವೀರಶೈವ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯ, ಇವು ಅದರ ಕಾರ್ಯಗಳಾದವು. ವಿದ್ಯಾರ್ಥಿನಿಲಯ ಒಂದು ಸಮಾಜದವರಿಗೆ ಮೀಸಲಾಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಅಂದಿನ ದಾನಗಳ ಪದ್ಧತಿ ಬಹುಮಟ್ಟಿಗೆ ಹಾಗಿತ್ತು.

ಕಟ್ಟಡಕ್ಕಿಂತ ದೊಡ್ಡದು ಅವರು ಮಾಡಿದ ಏರ್ಪಾಡು. ತಮ್ಮ ಆಸ್ತಿಯನ್ನೆಲ್ಲ ಧರ್ಮಸಂಸ್ಥೆಗೆ ಒಪ್ಪಿಸಿ, ಕೆ. ಪಿ. ಪುಟ್ಟಣ್ಣಚೆಟ್ಟರನ್ನು ಅದರ ಮೊದಲ ಅಧ್ಯಕ್ಷರನ್ನಾಗಿ ಮಾಡಿದರು. ಬೆಂಗಳೂರು ಪುರಸಭೆಯ ಅಧ್ಯಕ್ಷಪದವಿಯನ್ನೂ ಅಲಂಕರಿಸಿದ ಪುಟ್ಟಣ್ಣಚೆಟ್ಟರು ಲೆಕ್ಕಪತ್ರ ಬಲ್ಲ ಆಡಳಿತಗಾರರು. ದಾತನ ಉಸಿರಿನೊಡನೆ ದಾನವೂ ನಿಂತುಹೋಗುವ ಭಯ ಹೀಗೆ ತಪ್ಪಿತು. ಮಹಾರಾಜರು 1905ರಲ್ಲಿ ಅವರಿಗೆ ‘ಧರ್ಮಪ್ರವರ್ತ’ ಬಿರುದನ್ನಿತ್ತರು. ಬ್ರಿಟಿಷ್ ಸರ್ಕಾರದಿಂದ ‘ರಾವ್ ಬಹದ್ದೂರ್’ ಪದವಿಯೂ ಬಂತು.

ಛತ್ರ ಹಾದುಹೋಗುವವನಿಗೆ, ಹೋಗಲು ಊರೇ ಇಲ್ಲದವನ ಪಾಡು ಬೇರೆ. ಲಕ್ಷ ಜನಕ್ಕೊಂದು ಕಾಯಂ ಆಶ್ರಯಧಾಮ, ಅದರಲ್ಲಿ ಕನಿಷ್ಠ 100 ಮಂದಿಗೆ ಸ್ಥಳ ಎಂಬ ಲೆಕ್ಕವನ್ನು ಕೇಂದ್ರ ಸರ್ಕಾರ ನಗರ ಜೀವನೋಪಾಯ ಯೋಜನೆಯಲ್ಲಿ ಬರೆದದ್ದು 2013ರಲ್ಲಿ. 2011ರ ಜನಗಣತಿಯಂತೆ ನಮ್ಮ ಹಿಂದೂಪುರದ ಜನಸಂಖ್ಯೆಯೇ ಒಂದೂವರೆ ಲಕ್ಷ.

1910ರ ಫೆಬ್ರವರಿ 21ರಂದು ತೋಟದಪ್ಪನವರು ದೈವಾಧೀನರಾದರು. ಧರ್ಮಾಂಬುಧಿ ಕೆರೆಯಿದ್ದ ಸ್ಥಳದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ. ಅಲ್ಲಿಯ ರಸ್ತೆಗೆ ಅವರ ಹೆಸರಿದೆ, ಛತ್ರವೂ ಇದೆ.